ಬಾಯಿ ಬಿಡದ ಗಾಸಿಪ್

ನಮ್ಮ ಥಾರ್ನ್‌ಬೆಕ್ ಕಣಿವೆಯಲ್ಲಿ ಇವತ್ತು ಯಾವ ಹೆಂಗಸನ್ನಾದರೂ ಗಾಸಿಪ್ ಎಂದು ಕರೆದು ನೋಡಿ, ಕಾಲುಚೀಲ ಹೆಣೆಯುತ್ತಿದ್ದ ಸೂಜಿಯಿಂದಲೇ ತಿವಿದಾಳು. ಕೆಲಸವಿಲ್ಲದೆ ಊರವರ ಸುದ್ದಿ ಅಗಿಯುವವಳು ಎಂದು ಈಗ ಅದರ ಅರ್ಥ. ನಮ್ಮಜ್ಜಿಯ ಕಾಲದಲ್ಲಿ ಹಾಗಿರಲಿಲ್ಲ. ದೀಕ್ಷಾಸ್ನಾನದ ದಿನ ಚರ್ಚಿನಲ್ಲಿ ಕೂಸನ್ನು ಎತ್ತಿಕೊಂಡು ಅದರ ಪರವಾಗಿ ದೇವರಿಗೆ ಮಾತು ಕೊಟ್ಟವಳು ಗಾಸಿಪ್. ರಕ್ತದಿಂದಲ್ಲ, ದೇವರ ಹೆಸರಿನಲ್ಲಿ ಆದ ನಂಟು ಅದು. ಬರಬರುತ್ತಾ ಹೆರಿಗೆಯ ಕೋಣೆಗೆ ಬರುವ ನೆರೆಯ ಹೆಂಗಸರಿಗೆಲ್ಲ ಅದೇ ಹೆಸರಾಯಿತು. ಕೀಲಿಯ ಕಿಂಡಿಗೂ ಬಟ್ಟೆ ತುರುಕಿ, ಬಿಸಿ ಬಿಯರ್ ಕುಡಿಯುತ್ತಾ, ಹೆರಿಗೆಗೆಂದೇ ಮಾಡಿಟ್ಟ ಚೀಸ್ ಕೊಯ್ದು ತಿನ್ನುತ್ತಾ ಅವರು ಒಳಗೆ ಕೂತರೆ ಹೊರಗೆ ಗಂಡಸರಿಗೆ ಹೊಟ್ಟೆಯುರಿ. ಒಳಗೆ ತಮ್ಮ ಬಣ್ಣ ಬಯಲಾಗುತ್ತಿದೆಯೇನೋ ಎಂಬ ಭಯಕ್ಕೇ ಅವರು ಆ ಹೆಸರನ್ನು ಬೈಗುಳ ಮಾಡಿದರು ಎಂಬುದು ನನ್ನ ವಾದ. ಯಾರು ಒಪ್ಪದಿದ್ದರೂ ನನಗೇನೂ ನಷ್ಟವಿಲ್ಲ.

ನನ್ನ ಗಾಸಿಪ್ ಟೇಮರ್ ಹಾರ್ಕರ್. ನಮ್ಮ ಪಕ್ಕದ ಮನೆಯವಳು. ತನ್ನ ತಾಯಿ ಸತ್ತ ಮೇಲೆ ತಮ್ಮ ಆಂಬ್ರೋಸ್‌ನನ್ನು ಸಾಕಿ ದೊಡ್ಡವನನ್ನಾಗಿ ಮಾಡಲು ಮದುವೆಯನ್ನೇ ಬಿಟ್ಟುಕೊಟ್ಟವಳು.

ನನ್ನವ್ವ ಬ್ರಿಜೆಟ್‌ಗೂ ಮದುವೆಯಾಗಿರಲಿಲ್ಲ. ಅಂಥವಳು ಹೆರುವಾಗ ಗಾಸಿಪ್‌ಗಳಿಗೆ ಇನ್ನೊಂದು ಕೆಲಸವಿತ್ತು. ನೋವು ತಾರಕಕ್ಕೇರಿದಾಗ ಕೈ ಹಿಂದಕ್ಕೆ ತೆಗೆದು, ಅಪ್ಪನ ಹೆಸರು ಹೇಳಿದರೆ ಮಾತ್ರ ಮುಟ್ಟುತ್ತೇವೆ ಎನ್ನಬೇಕು. ಸಾವು ಎದುರಿಗಿರುವಾಗ ಹೆಣ್ಣು ಸುಳ್ಳು ಹೇಳುವುದಿಲ್ಲವಂತೆ. ಆ ಹೆಸರನ್ನು ಗಾಸಿಪ್‌ಗಳು ಊರ ಹಿರಿಯರ ಮುಂದೆ ಹೇಳಿದರೆ ಮುಗಿಯಿತು, ಆ ಗಂಡಸು ಮಗುವನ್ನು ಸಾಕಲೇಬೇಕು. ಹೆತ್ತ ಮೇಲೆ ತಾಯಿ ತಾನೇ ಹೇಳುವ ಹೆಸರಿಗೆ ಕವಡೆ ಕಾಸಿನ ಕಿಮ್ಮತ್ತೂ ಇಲ್ಲ.

ನಾನು ಹುಟ್ಟಿದ ದಿನ ಹಿಮ ಬಿದ್ದು ಗುಡ್ಡದ ದಾರಿ ಮುಚ್ಚಿತ್ತು. ಸೂಲಗಿತ್ತಿ ಆಚೆ ಬದಿಯಲ್ಲಿ ಸಿಕ್ಕಿಕೊಂಡಿದ್ದಳು. ಒಳಗಿದ್ದವಳು ಟೇಮರ್ ಒಬ್ಬಳೇ. ಪದ್ಧತಿ ಬಿಡುವವಳಲ್ಲ ಅವಳು, ಕೈ ಕಟ್ಟಿ ನಿಂತಳು.

"ಹೇಳೇ ಬ್ರಿಜೆಟ್. ಹೇಳ್ದಿದ್ರೆ ನಾನು ಮುಟ್ಟಲ್ಲ."

"ಬೇಡ ಕಣೇ ಟೇಮರ್, ನಿನ್ನ ಕಾಲಿಗೆ ಬೀಳ್ತೀನಿ. ನೀನು ಮಾತ್ರ ಕೇಳ್ಬೇಡ."

"ಯಾವ ಮೂಳನ್ನ ಉಳಿಸೋಕೆ ನೋಡ್ತಿದೀಯ? ಹೇಳು ಅಂದ್ರೆ!"

"ಆಂಬ್ರೋಸ್! ನಿನ್ನ ತಮ್ಮ! ಸಾಕೇನೇ?"

ಆಂಬ್ರೋಸ್‌ಗೆ ಗಿರಣಿಯವನ ಮಗಳೊಂದಿಗೆ ಮದುವೆ ಗೊತ್ತಾಗಿತ್ತು. ಹಿರಿಯರು ಬಂದು, "ಹೆಸರು ಹೇಳಿದ್ಲೇನಮ್ಮ?" ಎಂದು ಕೇಳಿದಾಗ ಟೇಮರ್, "ಇಲ್ಲ" ಎಂದಳು. ಅವ್ವ ಮಂಚದಿಂದಲೇ ಹೆಸರು ಕೂಗಿ ಹೇಳಿದಳು. ಈಗ ಯಾರೋ ಹೇಳಿಕೊಟ್ಟಿದ್ದಾರೆ ಎಂದರು ಅವರು. ಅದೇ ವಾರ, ಕೂಸನ್ನು ಮೊದಲು ಎತ್ತಿದವಳೇ ಚರ್ಚಿನಲ್ಲೂ ಎತ್ತಬೇಕೆಂಬ ಪದ್ಧತಿಯಂತೆ, ಟೇಮರ್ ನನ್ನನ್ನು ಎತ್ತಿಕೊಂಡು ಸುಳ್ಳನ್ನು ತೊರೆಯುತ್ತೇನೆ ಎಂದು ನನ್ನ ಪರವಾಗಿ ದೇವರಿಗೆ ಮಾತು ಕೊಟ್ಟಳು.

ಅಪ್ಪನ ಹೆಸರು ಮುಚ್ಚಿಟ್ಟಳೆಂದು ಅವ್ವನನ್ನು ನನ್ನೊಂದಿಗೇ ಪಟ್ಟಣದ ಸೆರೆಮನೆಗೆ ಒಂದು ವರ್ಷ ಹಾಕಿದರು. ಬೆನ್ನ ಮೇಲೆ ಛಡಿಯ ಬರೆ, ಎದೆಯಲ್ಲಿ ಕೆಮ್ಮು ಹೊತ್ತುಕೊಂಡು ಬಂದಳು. ಒಳ್ಳೆಯ ಮನೆತನದ ಹುಡುಗನ ಕೊರಳಿಗೆ ಬೀಳಲು ನೋಡಿದ ಸುಳ್ಳಿ ಎಂಬ ಹೆಸರು ಅವಳನ್ನು ಬಿಡಲೇ ಇಲ್ಲ.

ಟೇಮರ್ ಆಮೇಲೆ ಯಾರ ಹೆರಿಗೆಗೂ ಹೋಗಲಿಲ್ಲ. ಚಳಿಗಾಲದಲ್ಲಿ ಎಲ್ಲರೂ ಒಂದೇ ಒಲೆಯ ಸುತ್ತ ಕೂತು ಹೆಣೆಯುವಾಗ ಅವಳದು ತುಟಿ ಪಿಟಕ್ಕೆನ್ನದ ಮೂಲೆ. ನಮ್ಮ ಕಿಟಕಿಯಲ್ಲಿ ನನ್ನ ಅಳತೆಯ ಕಾಲುಚೀಲ ಇಟ್ಟು ಹೋಗುತ್ತಿದ್ದಳು, ಅವ್ವ ಅದನ್ನು ತೊರೆಗೆ ಎಸೆಯುತ್ತಿದ್ದಳು. ವರ್ಷಗಳು ಕಳೆದಂತೆ ಗಾಸಿಪ್ ಎಂಬ ಮಾತು ಕೆಟ್ಟಿತು, ಮಾತಾಡದ ಟೇಮರ್‌ನ ಹೆಸರು ಮೇಲೇರಿತು. ಹೆಂಗಸೆಂದರೆ ಹೀಗಿರಬೇಕು ಎಂದು ಗಂಡಸರು ಹೆಂಡಿರಿಗೆ ಅವಳನ್ನು ತೋರಿಸತೊಡಗಿದರು. ಒಮ್ಮೆ ತೊರೆಯ ಬಳಿ ನಾನೊಬ್ಬಳೇ ಸಿಕ್ಕಾಗ ಅವಳು ಎಲ್ಲವನ್ನೂ ಹೇಳಿಕೊಂಡು ಅತ್ತಳು.

"ಅವರು ಹೊಗಳಿದಾಗೆಲ್ಲ ಕೆರದಲ್ಲಿ ಹೊಡ್ದಂಗಾಗುತ್ತೆ ಹೆಸ್ಟರ್."

"ನನ್ಹತ್ರ ಯಾಕೆ ಹೇಳ್ತೀಯ? ಅವ್ವ ಬದುಕಿರೋವಾಗ್ಲೇ ಊರ ಮುಂದೆ ಹೇಳು," ಎಂದೆ. ನನಗೆ ಕನಿಕರ ಬರಲಿಲ್ಲ. ಬರಬೇಕಿತ್ತು ಎಂದೂ ಅನಿಸಲಿಲ್ಲ.

ಆ ವರ್ಷ ಬಂದ ಹೊಸ ಪಾದ್ರಿ ಒಂದು ಭಾನುವಾರ ಹೆಂಗಸರ ನಾಲಿಗೆಯ ಮೇಲೆ ಉಪದೇಶ ಬಿಗಿದ. "ಈ ಕಣಿವೆಯಲ್ಲಿ ಗಾಸಿಪ್ ಅಲ್ಲದ ಹೆಂಗಸು ಯಾರಾದರೂ ಇದ್ದರೆ ಅದು ಟೇಮರ್ ಹಾರ್ಕರ್. ಅವಳನ್ನು ನೋಡಿ ಕಲಿಯಿರಿ," ಎಂದ. ಮುಂದಿನ ಸಾಲಿನಲ್ಲಿ ಆಂಬ್ರೋಸ್, ಚರ್ಚಿನ ಧರ್ಮದರ್ಶಿ, ಹೆಮ್ಮೆಯಿಂದ ತಲೆಯಾಡಿಸಿದ. ಅವ್ವ ನನ್ನ ಪಕ್ಕದಲ್ಲಿ ಕೆಮ್ಮುತ್ತಿದ್ದಳು.

ಟೇಮರ್ ಎದ್ದು ನಿಂತಳು.

"ನಾನು ಗಾಸಿಪ್ಪೇ ಸ್ವಾಮಿ. ಬ್ರಿಜೆಟ್ ಹೆತ್ತಾಗ ಅವಳ ಗಾಸಿಪ್ ನಾನೇ. ನೋವಲ್ಲಿ ಅವಳು ಹೆಸರು ಹೇಳಿದ್ಲು. ಆಂಬ್ರೋಸ್ ಅಂದ್ಲು. ನಾನು ನುಂಗಿಬಿಟ್ಟೆ."

ಹಿಂದಿನಿಂದ ಗಣಿ ಕೆಲಸದವನೊಬ್ಬ, "ಮುದುಕಿಗೂ ಬಂತಪ್ಪಾ ಗಾಸಿಪ್ ಚಟ!" ಎಂದ. ಇಡೀ ಚರ್ಚು ನಕ್ಕಿತು. ಆಂಬ್ರೋಸ್ ಕೂಡ ನಕ್ಕು, "ಅಕ್ಕಂಗೆ ಅರಳುಮರಳು. ತಪ್ಪು ತಿಳೀಬೇಡಿ," ಎಂದ. ಪಾದ್ರಿ ಮುಂದಿನ ಪ್ರಾರ್ಥನೆಗೆ ಪುಟ ತಿರುಗಿಸಿದ.

ಹೊರಗೆ ಟೇಮರ್ ಅವ್ವನ ಎದುರು ಬಂದು ನಿಂತಳು. ಅಷ್ಟು ವರ್ಷಗಳಲ್ಲಿ ಅವರಿಬ್ಬರೂ ಮುಖಕ್ಕೆ ಮುಖ ಕೊಟ್ಟದ್ದನ್ನು ನಾನು ನೋಡಿರಲಿಲ್ಲ.

"ಹೇಳ್ದೆ ಕಣೇ ಬ್ರಿಜೆಟ್. ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ."

ಅವ್ವ ಕೆಮ್ಮು ನಿಲ್ಲುವವರೆಗೂ ಕಾದಳು.

"ನಂಗೆ ಕೇಳಿಸ್ತು ಟೇಮರ್. ಅವತ್ತೇ ಹೇಳಿದ್ರೆ ಊರಿಗೂ ಕೇಳಿಸ್ತಿತ್ತು."