ಮಂಗನಬಾವಿಗೆ ನಾನು ಕಟ್ಟಿದ ಶಾಸ್ತ್ರ

ಮೊನ್ನೆ ಹಿರಿಯೂರಿನಲ್ಲಿ ಗೆಳೆಯನ ಮನೆಯ ಮೆಟ್ಟಿಲು ಹತ್ತುತ್ತಿದ್ದಂತೆ ಊತಕ್ಕೆ ಹಚ್ಚಲು ಅರೆದ ಕೆಮ್ಮಣ್ಣಿನ ವಾಸನೆ ಬಂತು. ಹಿಂದೆಯೇ ಅವನ ಹೆಂಡತಿಯ ದನಿ: "ಅಲ್ಲೇ ನಿಲ್ರಿ ಅಣ್ಣಾರೆ. ಹುಡುಗಿಗೆ ಮಂಗನಬಾವು ಆಗೈತೆ, ಕೊರಳಿಗೆ ಬಂಗಾರ ಹಾಕೀವಿ. ಹೊರಗಿನೋರು ಹೊಸ್ತಿಲು ದಾಟಂಗಿಲ್ಲ. ಹಿರೇರ ಕಾಲದಿಂದ ಬಂದಿದ್ದು."

ಜಗಲಿಯ ಮೇಲೆಯೇ ಕುಳಿತೆ. ಆ ಹಿರಿಯರು ಯಾರೆಂದು ಬಲ್ಲವನು, ಓದುಗರೇ, ಇಡೀ ಸಂಸ್ಥಾನದಲ್ಲಿ ನಾನೊಬ್ಬನೇ.

ನಮ್ಮೂರು ಹೊಳಲ್ಕೆರೆ. ಅಲ್ಲಿ ನನ್ನ ಸೋದರತ್ತೆ ಗೌರತ್ತೆಯ ಬಳಿ ಒಂದು ಚಿನ್ನದ ಸರವಿತ್ತು. ಗದ್ದ ಊದಿದ ಮಕ್ಕಳ ಕೊರಳಿಗೆ ಅದನ್ನು ಹಾಕಿದರೆ ಬಾವು ಇಳಿಯುತ್ತದೆಂದು ಬೀದಿಗೆ ಬೀದಿಯೇ ನಂಬಿತ್ತು. ಇಳಿಯುತ್ತಲೂ ಇತ್ತು. ಏನೂ ಹಾಕದಿದ್ದರೂ ವಾರ ಹತ್ತು ದಿನದಲ್ಲಿ ಇಳಿಯುವ ಬಾವು ಅದು. ಬಂಗಾರ ಕಂಡ ಮಾತ್ರಕ್ಕೆ ಹಟ ಹಿಡಿದು ಕೂರುತ್ತದೆಯೆ? ತೊಂದರೆ ಬೇರೆಯಿತ್ತು. ಬಂಗಾರ ಮನೆ ಬಿಟ್ಟು ಹೋಗಬಾರದೆಂಬುದು ಅತ್ತೆಯ ಕಟ್ಟಳೆ. ಹೀಗಾಗಿ ರೋಗಿಯೇ ಸರದ ಬಳಿಗೆ ಬರಬೇಕು. ನಮ್ಮ ಪಡಸಾಲೆಯಲ್ಲಿ ಮಕ್ಕಳು ಸಾಲಾಗಿ ಕುಳಿತು, ಸರದಿಯಂತೆ ಸರ ಧರಿಸಿ, ಒಬ್ಬರ ಮುಖಕ್ಕೊಬ್ಬರು ಕೆಮ್ಮಿಕೊಂಡಿರುತ್ತಿದ್ದವು. ನಮ್ಮದು ಎಂಜಲಿಗೆ ಹೇಸುವ ಮನೆ. ನೀರನ್ನು ಎತ್ತಿಯೇ ಕುಡಿಯಬೇಕು. ಆದರೆ ಗದ್ದ ಊದಿದವರು ತಲೆ ಎತ್ತಿ ಬಾಯಿ ತೆರೆಯುವುದು ಹೇಗೆ? ಅವರಿಗೆ ಮಾತ್ರ ಕಚ್ಚಿ ಕುಡಿಯಲು ಅಪ್ಪಣೆ. ಅವರಿಗೂ ಜೊತೆಗೆ ಬಂದ ತಮ್ಮತಂಗಿಯರಿಗೂ ಒಂದೇ ಚೊಂಬು. ರೋಗ ಹರಡಲು ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ಸರ್ಕಾರವೂ ಮಾಡಲಾರದು.

ಒಂದು ವರ್ಷ ಪಡಸಾಲೆ ಹೀಗೆ ತುಂಬಿರುವಾಗಲೇ ಅಣ್ಣ ಈರಣ್ಣನಿಗೆ ಮತ್ತೋಡಿನ ಹೆಣ್ಣು ಗೊತ್ತಾಗಿತ್ತು. ಅವನಿಗೆ ಚಿಕ್ಕಂದಿನಲ್ಲಿ ಮಂಗನಬಾವು ಬಂದಿರಲಿಲ್ಲ. ಬೆಳೆದ ಗಂಡಸಿಗೆ ಬಂದರೆ ಅದು ಕೆಲವೊಮ್ಮೆ ಕೆಳಗಿಳಿದು ವೃಷಣವನ್ನೂ ಊದಿಸುತ್ತದೆ. ನಮ್ಮ ಚಿಕ್ಕಪ್ಪನಿಗೆ ಹಾಗಾದಾಗ, ಇವನಿಗಿನ್ನು ಮಕ್ಕಳಾಗುವುದಿಲ್ಲವೆಂದು ಬೀದಿಯೇ ತೀರ್ಪು ಕೊಟ್ಟು, ನಿಶ್ಚಯವಾಗಿದ್ದ ಮದುವೆ ಮುರಿದಿತ್ತು. ಮಕ್ಕಳೇ ಆಗದಂತಾಗುವುದು ಅಪರೂಪವೆಂದು ಚಿತ್ರದುರ್ಗದ ಡಾಕ್ಟರೊಬ್ಬರು ನನಗೆ ಹೇಳಿದ್ದರು. ಇದಕ್ಕೆ ಮದ್ದಿಲ್ಲ, ಸಿಡುಬಿಗೆ ಹಾಕುವಂಥ ದಾಕೂ ಇಲ್ಲ; ಕೆಮ್ಮಿನಿಂದ, ಎಂಜಲಿನಿಂದ ಹರಡುತ್ತದೆ; ಬಾವು ಇಳಿಯುವ ತನಕ ದೂರವಿಡುವುದೊಂದೇ ದಾರಿ ಎಂದಿದ್ದರು. ಆದರೆ ಹೆಣ್ಣು ಕೊಡುವವರು ಡಾಕ್ಟರನ್ನು ಕೇಳುತ್ತಾರೆಯೆ? ಬೀದಿಯನ್ನು ಕೇಳುತ್ತಾರೆ.

ಹೈಸ್ಕೂಲಿನ ಚರ್ಚಾಕೂಟದಲ್ಲಿ ಬಹುಮಾನ ಪಡೆದ ನಾಲಗೆ ನನ್ನದು. ಅತ್ತೆಯ ಮೇಲೆ ಪ್ರಯೋಗಿಸಿದೆ.

"ಸರ ಹಾಕ್ಕಳ್ದೆ ಇದ್ದೋರಿಗೂ ವಾಸಿ ಆಗ್ತದಲ್ಲ, ಅತ್ತೆ?"

"ಹಾಕ್ಕಳ್ದೋರು ಯಾರವ್ರೆ, ತೋರ್ಸಪ್ಪ ಈ ಬೀದ್ಯಾಗೆ."

"ನಾನಿದೀನಲ್ಲ."

"ನಿಂಗೆ ಮೂರು ವರ್ಷಕ್ಕೇ ಹಾಕಿದೀನಿ ಕಣ್ಲೇ. ವಾಸಿಯಾಗಿ ಬೆಳ್ದು ಈಗ ನಂಗೇ ವಾದ ಹೇಳಾಕೆ ಬಂದೀಯ."

ಬಹುಮಾನ ಕೊಟ್ಟವರು ಅತ್ತೆಯ ಎದುರು ನನ್ನನ್ನು ನಿಲ್ಲಿಸಿ ನೋಡಿರಲಿಲ್ಲ, ಅಷ್ಟೆ.

ತರ್ಕ ಸೋತ ಮೇಲೆ ಶಾಸ್ತ್ರ ಹಿಡಿದೆ. ಮರುದಿನ ಮುಖ ಗಂಭೀರ ಮಾಡಿಕೊಂಡು ಹೇಳಿದೆ: "ಅತ್ತೆ, ಮಠದಾಗೆ ಒಬ್ಬ ಅಜ್ಜಾರು ಹೇಳಿದ್ರು. ಬಾವು ಇಳಿಯೋ ತನಕ ಸರ ಹಾಕ್ಕಂಡೋರು ತಮ್ಮ ಮನೆ ಹೊಸ್ತಿಲು ದಾಟಿದ್ರೆ, ಬ್ಯಾರೆಯೋರು ಒಳಗೆ ಬಂದ್ರೆ, ಅವ್ರ ಚೊಂಬು ಮುಟ್ಟಿದ್ರೆ, ಬಂಗಾರದ ಗುಣ ಹೋಗ್ತದಂತೆ."

ಅತ್ತೆ ಸರವನ್ನು ಅಂಗೈ ಮೇಲಿಟ್ಟು ತೂಗಿ ನೋಡಿದಳು. "ಹಂಗಾದ್ರೆ ಸರಾನೇ ಅವ್ರ ಮನೀಗೆ ಹೋಗ್ಬೇಕಲ್ಲೋ."

"ಹೋಗ್ಬೇಕಾಗ್ತದೆ."

"ಇದನ್ನ ನಿನ್ನೇನೇ ಹೇಳಾಕೆ ಏನಾಗಿತ್ತು? ಸುಮ್ನೆ ಕಾಗೆ ಕೂಗ್ದಂಗೆ ಕೂಗ್ದೆ."

ಅಂದೇ ಪಡಸಾಲೆ ಖಾಲಿಯಾಯಿತು. ಸರವನ್ನು ಅತ್ತೆಯೇ ಸೆರಗಿನಲ್ಲಿ ಕಟ್ಟಿಕೊಂಡು ಮನೆಮನೆಗೆ ಹೋಗಿ ಹೊಸ್ತಿಲಾಚೆಯಿಂದಲೇ ಹಾಕಿಸಿ, ಅಂಟುವಾಳದಲ್ಲಿ ತೊಳೆದು ತರುತ್ತಿದ್ದಳು. ಈರಣ್ಣ ಊದದ ಗದ್ದದಲ್ಲೇ ಹಸೆಮಣೆಯ ಮೇಲೆ ಕುಳಿತ. ನನ್ನ ಶಾಸ್ತ್ರದಿಂದಲೋ ಅವನ ಅದೃಷ್ಟದಿಂದಲೋ, ಆಣೆಯಿಟ್ಟು ಹೇಳಲಾರೆ. ಬೀದಿಗೆ ಆ ಸಂದೇಹವಿರಲಿಲ್ಲ. ಕೀರ್ತಿಯೆಲ್ಲ ಸರಕ್ಕೇ ಸಂದಿತು.

ಆ ಶಾಸ್ತ್ರ ನನಗಿಂತ ಮೊದಲೇ ಹಿರಿಯೂರು ತಲುಪಿ, ಹಿರಿಯರನ್ನೂ ಸಂಪಾದಿಸಿಕೊಂಡು ಕುಳಿತಿದೆ! ಗೆಳೆಯನ ಹೆಂಡತಿ ಬಾಗಿಲಿನಿಂದಲೇ ನನಗೆಂದು ಬೇರೆ ಲೋಟದಲ್ಲಿ ಮಜ್ಜಿಗೆ ಇಟ್ಟಳು. "ಓದಿದೋರು ನೀವು. ಇಂಥವೆಲ್ಲ ನಂಬಾಕಿಲ್ಲ, ಗೊತ್ತೈತೆ."

ಅದನ್ನು ಕಟ್ಟಿದವನೇ ನಾನೆಂಬ ಉತ್ತರ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಕಂಕುಳಲ್ಲಿ ಹಸುಗೂಸನ್ನೆತ್ತಿಕೊಂಡು ಹುಡುಗಿಯನ್ನು ನೋಡಲು ಬಂದಳು. ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಈ ಓದಿದವನು ಏನೆನ್ನುತ್ತಾನೋ ಎಂದು ನನ್ನ ಬಾಯನ್ನೇ ನೋಡುತ್ತ ನಿಂತಳು.

"ಪೂರಾ ನಂಬ್ತೀನಿ ತಾಯಿ," ಎಂದೆ.

ಆಕೆ ಕಾಲು ಹಿಂದಕ್ಕೆ ತೆಗೆದಳು. ಚರ್ಚಾಕೂಟದವರು ಯಾರೂ ಹತ್ತಿರದಲ್ಲಿರಲಿಲ್ಲ, ಪುಣ್ಯ.