ಆಟದ ಮಕ್ಕಳನ್ನು ಗ್ರಂಥಾಲಯಕ್ಕೆ ಕರೆದದ್ದು

ನಾನು ನೋಡಿಕೊಳ್ಳುವ ಗ್ರಂಥಾಲಯ ಸುಳ್ಯದಿಂದ ಮಡಿಕೇರಿಗೆ ಹೋಗುವ ರಸ್ತೆಯ ಬದಿಯಲ್ಲಿದೆ. ಶಾಲೆ ಬಿಟ್ಟ ಮೇಲೆ ಹೈಸ್ಕೂಲು ಮಕ್ಕಳು ಬಂದು ಹೊರಗಿನ ಜಗಲಿಯಲ್ಲಿ ಕೂರುತ್ತಿದ್ದರು. ಪುಸ್ತಕಕ್ಕಲ್ಲ, ನಮ್ಮ ವೈಫೈಗೆ. ಎಲ್ಲರ ಕೈಯಲ್ಲೂ ಮೊಬೈಲು, ಅದರೊಳಗೆ ಗುಂಡು ಹಾರಿಸುವ ಆಟ. ಇವರನ್ನು ಒಳಗೆ ಕರೆಯಬಾರದೇಕೆ ಎಂದು ಒಂದು ದಿನ ಅನ್ನಿಸಿತು. ಶನಿವಾರ ಮಧ್ಯಾಹ್ನ ಬನ್ನಿ, ನಿಮ್ಮ ಆಟದ ಬಗ್ಗೆ ನೀವೇ ಹೇಳಿ, ನಾವು ಕೇಳುತ್ತೇವೆ ಎಂದೆ.

ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತಲೆ ಎತ್ತಿದಳು. "ಕಡೆಗೆ ನೀವು ಉಪದೇಶ ಮಾಡುದಲ್ವಾ ಅಕ್ಕ?"

"ಇಲ್ಲ ಮಾರಾಯ್ತಿ. ಉಪದೇಶ ಇಲ್ಲ, ಚಾ ಉಂಟು, ಬನ್ಸ್ ಉಂಟು."

ಆ ಹುಡುಗಿಯೇ ಅವರ ತಂಡದ ನಾಯಕಿ. ಆಟದಲ್ಲಿ ಅವಳ ಜೊತೆಗಾರರಲ್ಲಿ ಒಬ್ಬ ಇಲ್ಲೇ ಹತ್ತಿರದ ಕಡಬದವನು, ಉಳಿದವರು ಉತ್ತರದ ಯಾವುದೋ ಊರಿನವರು. ಮನೆಯಲ್ಲಿ ನಮ್ಮ ಕಡೆಯ ಆಡುನುಡಿಯಾದ ಅರೆಭಾಷೆ ಆಡುವ ಅವಳು ಅವರಿಗೆ ಆಜ್ಞೆ ಕೊಡುತ್ತ ಕೊಡುತ್ತ ಹಿಂದಿ ಕಲಿತಿದ್ದಳು. ಅದನ್ನೇ ಹೇಳು ಎಂದು ನಾನೇ ಹುರಿದುಂಬಿಸಿದೆ.

ಕಾರ್ಯಕ್ರಮವೆಂದ ಮೇಲೆ ಹಿರಿಯರೊಬ್ಬರು ಇರಲಿ ಎಂದು ನನ್ನ ಅಪ್ಪನನ್ನು ಕರೆದುಕೊಂಡು ಬಂದೆ. ಅವರು ನಿವೃತ್ತ ಮೇಷ್ಟ್ರು, ಆ ಮಕ್ಕಳ ತಂದೆತಾಯಂದಿರಿಗೂ ಪಾಠ ಹೇಳಿದವರು. ಸುಮ್ಮನೆ ಕೂತಿದ್ದರೆ ಸಾಕು ಎಂದು ಮೊದಲೇ ಹೇಳಿದ್ದೆ.

ಹುಡುಗಿ ಬೋರ್ಡಿನ ಮೇಲೆ ಆಟದ ದ್ವೀಪದ ಚಿತ್ರ ಬರೆದಳು. ಶತ್ರುಗಳು ಎಲ್ಲಿ ಅಡಗುತ್ತಾರೆ, ಗಾಯಗೊಂಡ ಜೊತೆಗಾರನನ್ನು ಹೇಗೆ ಉಳಿಸಿಕೊಳ್ಳುವುದು ಎಂದೆಲ್ಲ ವಿವರಿಸುತ್ತಿದ್ದಳು. ಗಲಾಟೆ ಮಾಡುವ ಹುಡುಗರೂ ಕಿವಿಗೊಟ್ಟಿದ್ದರು. ರಾತ್ರಿ ಊಟ ಆದ ಮೇಲೆ ತಂಡದವರೆಲ್ಲ ಮಾತಾಡಿಕೊಳ್ಳುತ್ತೇವೆ ಎಂದು ಅವಳು ಹೇಳಿದಾಗ ಅಪ್ಪ ಎದ್ದು ನಿಂತರು.

"ರಾತ್ರಿ ಗುರ್ತಪರಿಚಯ ಇಲ್ಲದ ಗಂಡುಮಕ್ಕಳ ಹತ್ರ ನೀನು ಮಾತಾಡುದಾ? ನಿನ್ನ ಅಪ್ಪ ಅಮ್ಮನಿಗೆ ಗೊತ್ತುಂಟಾ ಇದು?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹುಡುಗಿ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆದೆ. ಹೊರಗೆ ಬಂದದ್ದು, "ಈಗ ಎಲ್ಲರೂ ಚಾ ಕುಡಿಯುವ" ಎಂಬ ಮಾತು.

ಅವಳು ಚಾ ಕುಡಿಯಲಿಲ್ಲ. ಬ್ಯಾಗು ತೆಗೆದುಕೊಂಡು ಹೊರಟೇ ಹೋದಳು. ನಾನು ನಗುಮುಖ ಮಾಡಿಕೊಂಡು ಬನ್ಸ್ ಹಂಚಿದೆ. ಆ ನಗು ನೆನಪಾದರೆ ಈಗಲೂ ಮೈ ಹಿಡಿಯಷ್ಟಾಗುತ್ತದೆ.

ಮನೆಗೆ ಬಂದ ಮೇಲೆ ಅಪ್ಪನಿಗೆ ಹೇಳಿದೆ. "ಅಪ್ಪ, ಉಪದೇಶ ಇಲ್ಲ ಅಂತ ನಾನು ಮಕ್ಕಳಿಗೆ ಮಾತು ಕೊಟ್ಟಿದ್ದೆ."

"ನಾನು ಕೊಟ್ಟಿರ್ಲಿಲ್ಲವಲ್ಲ" ಎಂದರು. ಸಿಟ್ಟಿರಲಿಲ್ಲ. ಮಾಡಬೇಕಾದ್ದನ್ನು ಮಾಡಿದೆ ಎಂಬ ಸಮಾಧಾನವಿತ್ತು.

ಗ್ರಂಥಾಲಯದಲ್ಲಿ ಅಪ್ಪ ಆಡಿದ ಮಾತು ಅಂಗಡಿ ಅಂಗಡಿ ಸುತ್ತಿ ಹುಡುಗಿಯ ಮನೆ ಮುಟ್ಟಿತು. ಮೊಬೈಲು ಅಮ್ಮನ ಕಪಾಟು ಸೇರಿತು. ಜಗಲಿಯ ಮಕ್ಕಳಿಂದ ಇದನ್ನು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ, ಅವಳ ಮನೆಗೆ ಹೋದೆ. ಅಮ್ಮ ಕುರ್ಚಿ ಕೊಟ್ಟರು, ನೀರು ಬೆಲ್ಲ ತಂದಿಟ್ಟರು. ಆಮೇಲೆ ಹೇಳಿದರು, "ಲೈಬ್ರರಿ ಅಂತ ಧೈರ್ಯದಲ್ಲಿ ಕಳಿಸಿದ್ದು ನಾವು. ಅಲ್ಲಿಂದಲೇ ಹೀಗಾದ್ರೆ ಎಂತ ಮಾಡುದು?"

ತಪ್ಪು ನಮ್ಮದು, ಮಗಳದ್ದಲ್ಲ ಎಂದೆ. ತಂಡವನ್ನು ಅವಳು ನಡೆಸುವ ರೀತಿಯನ್ನೂ ಹಿಂದಿ ಕಲಿತದ್ದನ್ನೂ ವಿವರಿಸಿದೆ. ಅಮ್ಮ ಬಾಗಿಲಲ್ಲಿ ನಿಂತ ಮಗಳ ಕಡೆ ತಿರುಗಿ, "ಹೌದಾ, ನಿಂಗೆ ಹಿಂದಿ ಬರ್ತದಾ?" ಎಂದು ಕೇಳಿದರು.

ನಾನು ಹೊರಟಾಗ ಹುಡುಗಿ ಅಂಗಳದ ಕೊನೆಯವರೆಗೆ ಬಂದಳು.

"ಇದನ್ನು ಅಲ್ಲೇ ಹೇಳ್ಬೇಕಿತ್ತು ಅಕ್ಕ. ಎಲ್ಲರೂ ಇದ್ದಾಗ."

ಬಸ್ಸಿಗೆ ಕಾಯುತ್ತ ನಿಂತವಳಿಗೆ ಎದುರಿನ ಅಂಗಡಿಯವರು ಏನೋ ಕೇಳಿದರು. ಏನು ಹೇಳಿದೆನೋ ನೆನಪಿಲ್ಲ.

ಮುಂದಿನ ಶನಿವಾರ ಮತ್ತೆ ಮಕ್ಕಳನ್ನು ಕರೆದೆ. ಅಪ್ಪನನ್ನು ಕರೆಯಲಿಲ್ಲ, ಏಕೆಂದು ಅವರಿಗೂ ತಿಳಿಯಿತು, ಕೆಲವು ದಿನ ನನ್ನೊಡನೆ ಮಾತು ಬಿಟ್ಟರು. ಬಂದವರು ಕಡಿಮೆ. ಅವರೆದುರು ನಿಂತು, ಆ ದಿನ ನಿಮ್ಮ ಗೆಳತಿಗೆ ಅವಮಾನವಾಗುವಾಗ ನಾನು ಸುಮ್ಮನಿದ್ದೆ, ಅದು ತಪ್ಪು ಎಂದೆ. ಮಕ್ಕಳು ನೆಲ ನೋಡುತ್ತಿದ್ದರು. ಕೊನೆಗೆ ಅಂದು ಹಿಂದಿನ ಸಾಲಿನಲ್ಲಿದ್ದವನೊಬ್ಬ, "ನಗಾಡಿದ್ದು ನಾನು ಅಕ್ಕ" ಎಂದ.

ಅವಳಿಗೆ ಮೊಬೈಲು ಮತ್ತೆ ಸಿಕ್ಕಿದೆಯಂತೆ. ಆಡುವಾಗ ಅಮ್ಮನೂ ಪಕ್ಕದಲ್ಲಿ ಕೂತು, ಈಗ ನೀನು ಹೇಳಿದ್ದು ಎಂತ ಎಂದು ಕೇಳುತ್ತಾರಂತೆ. ಇದನ್ನೆಲ್ಲ ನನಗೆ ಹೇಳಿದವರು ಅವಳ ಗೆಳತಿಯರು. ಗ್ರಂಥಾಲಯಕ್ಕೆ ಮಾತ್ರ ಅವಳು ಬರುತ್ತಿಲ್ಲ. ನಮ್ಮ ಎದುರೇ ಬಸ್ಸಿಳಿದು, ರಸ್ತೆಯ ಆಚೆ ಬದಿಯಲ್ಲೇ ನಡೆದು ಹೋಗುತ್ತಾಳೆ. ಕೂಗಿ ಕರೆಯಲು ನನಗೆ ಮುಖವಿಲ್ಲ.