ಕಪ್ಪು ಪರದೆಯ ಮುಂದೆ ಕೂತವರನ್ನೂ ಕೇಳಿದ ಶಾರದಾ

ಬೆಳಗಿನ ಐದೂವರೆ. ವಿಶಾಖಪಟ್ಟಣದ ಗಾಜುವಾಕ ಕಡೆಯ ಒಂದು ಗೋದಾಮಿನ ಕಂಟ್ರೋಲ್ ರೂಮಿನಲ್ಲಿ ಶಾರದಾ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಾರೆ. ಗೋಡೆಗೆ ಬೆನ್ನು ತಾಗುವಷ್ಟು ಹಿಂದೆ ಸರಿದು, ಎದುರಿನ ಕಪ್ಪು ಪರದೆಯನ್ನು ಕಣ್ಣು ಕಿರಿದು ಮಾಡಿ ನೋಡುತ್ತಾ ಒಂದೊಂದೇ ಅಂಕಿಯನ್ನು ಬಾಯಿಬಿಟ್ಟು ಓದುತ್ತಾರೆ. ಎಲ್ಲಾದರೂ ತಡವರಿಸಿದರೆ ಕುರ್ಚಿಗೆ ಬಂದು ಎರಡು ಸಾಲು ತಿದ್ದಿ ಮತ್ತೆ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಾರೆ. ಆರಕ್ಕೆ ಪಾಳಿ ಬದಲಾಗುತ್ತದೆ. ಹೊಸದಾಗಿ ಬಂದು ಕೂರುವವರಿಗೆ ಪರದೆ ಸಲೀಸಾಗಿ ಕಾಣಬೇಕು ಎಂಬುದು ಅವರ ಹಟ.

"ಕನ್ನಡಕ ಇಲ್ದ ನನಗ ಕಂಡ್ರ ಉಳಿದವ್ರಿಗೂ ಕಾಣತೈತಿ ಅಂತ ಒಂದು ಅಂದಾಜು ರೀ. ಅದೊಂದ ಸಾಲೂದಿಲ್ಲ. ಆದ್ರ ಅಷ್ಟರ ಮಾಡಬೇಕಲ್ಲ" ಎನ್ನುತ್ತಾರೆ.

ಶಾರದಾ ಅವರಿಗೀಗ ಐವತ್ತೊಂದು. ಊರು ರಾಣೆಬೆನ್ನೂರು. ಬ್ಯಾಂಕ್ ಅಧಿಕಾರಿಯಾಗಿದ್ದ ಪತಿ ಧನಂಜಯ ಅವರ ವರ್ಗಾವಣೆಯ ಹಿಂದೆ ಬಂದವರು, ಇಲ್ಲೇ ನಿಂತುಬಿಟ್ಟರು. ಪತಿಗೆ ಆಮೇಲೆ ಕರ್ನೂಲು, ಕಡಪ ಎಂದು ಎರಡು ಸಲ ಎತ್ತಂಗಡಿಯಾದರೂ ಇವರು ಗೋದಾಮಿನ ಕೆಲಸ ಬಿಡಲಿಲ್ಲ. ಡೇಟಾ ಎಂಟ್ರಿಗೆಂದು ಸೇರಿದ್ದು. ಬಿಟ್ಟುಹೋದವರ ಕೆಲಸವೆಲ್ಲ ಒಂದೊಂದಾಗಿ ಇವರ ತಲೆಗೆ ಬಂದು, ಕಂಪ್ಯೂಟರಿಗೆ ಸಾಲುಸಾಲಾಗಿ ಆಜ್ಞೆ ಕೊಡುವ ಶೆಲ್ ಸ್ಕ್ರಿಪ್ಟ್ ಬರೆಯುವುದನ್ನು ತಾವೇ ಕಲಿತರು. ಹುದ್ದೆಯ ಹೆಸರು ಇಂದಿಗೂ ಅಸಿಸ್ಟೆಂಟ್. ಮನೆಯಲ್ಲಿ ಕನ್ನಡ, ಕೆಲಸದಲ್ಲಿ ತೆಲುಗು, ಮಗಳು ಅಪೂರ್ವಾಳ ಜೊತೆ ಅವಳಿಗೆ ತಿಳಿದಂತೆ ಎರಡೂ.

ಈ ಗೋದಾಮಿನಲ್ಲಿರುವುದು ಔಷಧ. ಇನ್ಸುಲಿನ್, ಲಸಿಕೆ, ತಣ್ಣಗೆ ಇಡಲೇಬೇಕಾದ ಇನ್ನೂ ಹಲವು. ಮೂವತ್ತೆರಡು ಶೀತಲ ಕೋಣೆಗಳ ಉಷ್ಣತೆ ಎರಡು ಡಿಗ್ರಿಗಿಂತ ಇಳಿಯಬಾರದು, ಎಂಟನ್ನು ದಾಟಬಾರದು. ಪ್ರತಿ ಕೋಣೆಯಿಂದ ನಿಮಿಷಕ್ಕೊಂದು ಲೆಕ್ಕ ಬರುತ್ತದೆ, ದಿನಕ್ಕೆ ನಲವತ್ತಾರು ಸಾವಿರ ಚಿಲ್ಲರೆ. ಅದನ್ನೆಲ್ಲ ಹಿಡಿದು, ಕೀಬೋರ್ಡು ಪರದೆ ಮಾತ್ರ ಇರುವ ಹಳೆಯ ಟರ್ಮಿನಲ್‌ಗಳ ಕಪ್ಪು ಪರದೆಯ ಮೇಲೆ ಮನುಷ್ಯರು ಓದುವ ಹಾಗೆ ಕೂರಿಸುವುದು ಶಾರದಾ ಅವರ ಇಪ್ಪತ್ತೇಳು ಸ್ಕ್ರಿಪ್ಟ್‌ಗಳು. ಪಾಳಿಯಲ್ಲಿ ಕೂತವರು ಹತ್ತು ನಿಮಿಷಕ್ಕೊಮ್ಮೆ ಪರದೆ ನೋಡಿ ರಿಜಿಸ್ಟರಿನಲ್ಲಿ ಗುರುತು ಹಾಕುತ್ತಾರೆ. ಮೌಸು, ಚಿತ್ರ, ಥಳುಕು ಏನೂ ಇಲ್ಲದ ಪರದೆ ಎಂದು ಮೂಗು ಮುರಿಯುವವರಿದ್ದಾರೆ. ಹಳೆಯ ಯಂತ್ರದಲ್ಲೂ ನಿಧಾನದ ಲೈನಿನಲ್ಲೂ ವರ್ಷಗಟ್ಟಲೆ ಕೈಕೊಡದೆ ದುಡಿದದ್ದು ಮಾತ್ರ ಇದೇ.

ಕೆಲಸದ ಗುಟ್ಟೇನು ಎಂದರೆ ಅವರು ಟಿಪುಟ್ ಎಂಬ ಪುಟ್ಟ ಕಮಾಂಡಿನ ಹೆಸರು ಹೇಳುತ್ತಾರೆ. ಟರ್ಮಿನಲ್‌ಗಳಲ್ಲಿ ಎಲ್ಲವೂ ಒಂದೇ ಥರ ಇರುವುದಿಲ್ಲ. ಒಂದಕ್ಕೆ ಎಂಟು ಬಣ್ಣ ಬರುತ್ತದೆ, ಇನ್ನೊಂದಕ್ಕೆ ಇನ್ನೂರೈವತ್ತಾರು. ಒಂದು ದಪ್ಪ ಅಕ್ಷರ ತೋರಿಸುತ್ತದೆ, ಇನ್ನೊಂದಕ್ಕೆ ಅಡಿಗೆರೆಯೂ ಬಾರದು. ಯಾವ ಟರ್ಮಿನಲ್ ಏನೇನು ಮಾಡಬಲ್ಲದು ಎಂಬ ವಿವರ ಯಂತ್ರದೊಳಗೇ ಬರೆದಿಟ್ಟಿರುತ್ತದೆ. ಟಿಪುಟ್ ಅದನ್ನು ನೋಡಿ ಹೇಳುತ್ತದೆ. ಸ್ಕ್ರಿಪ್ಟು ಆ ಉತ್ತರ ಕೇಳಿಕೊಂಡು ಅದಕ್ಕೆ ತಕ್ಕಂತೆ ಬರೆಯುತ್ತದೆ.

"ನಿನಗ ಏನ್ ಬರತೈತಿ ಅಂತ ಮೊದಲ ಕೇಳಬೇಕ್ರಿ. ಕೇಳದ ಹೇಳಿದ್ರ ಪರದಿ ತುಂಬ ಕಸ ಚೆಲ್ಲತೈತಿ. ಕರ್ಸರ್ ಮರೆಮಾಡಿದ್ರ ಹೋಗೂ ಮುಂದ ವಾಪಸ್ ತರಬೇಕು, ಬಣ್ಣ ಹಚ್ಚಿದ್ರ ಅಳಿಸಿ ಹೋಗಬೇಕು. ಉಂಡ ಮ್ಯಾಲ ಎಲಿ ತಗದು ನೆಲ ಒರಸ್ತೀವಲ್ಲ, ಹಂಗ."

ಇಷ್ಟು ನೇಮದ ಹೆಂಗಸಿನಿಂದಲೂ ಒಂದು ತಪ್ಪಾಯಿತು. ಎರಡು ವರ್ಷದ ಹಿಂದಿನ ಆ ತಪ್ಪನ್ನು ಅವರು ಯಾರೂ ಕೇಳದೆ ತಾವಾಗಿಯೇ ಹೇಳುತ್ತಾರೆ.

ಅಲ್ಲಿಯವರೆಗೆ ಪರದೆಯ ತುಂಬ ಬರೀ ಅಂಕಿಗಳ ಸಾಲು. ಇದನ್ನು ಚೆಂದ ಮಾಡಬೇಕೆಂದು ಶಾರದಾ ಒಂದು ತಿಂಗಳು ಕೂತು ಹೊಸದನ್ನು ಬರೆದರು. ಅಂಕಿಗಳು ಹೋಗಿ ಮೂವತ್ತೆರಡು ಚೌಕಗಳು ಬಂದವು, ಪ್ರತಿಯೊಂದರಲ್ಲೂ ಕೋಣೆಯ ನಂಬರ್ ಮಾತ್ರ. ಉಷ್ಣತೆ ಸರಿಯಿದ್ದರೆ ಚೌಕ ಹಸಿರು, ಮಿತಿ ದಾಟಿದರೆ ಕೆಂಪು. ಮ್ಯಾನೇಜರ್ ದಕ್ಷಿಣಾಮೂರ್ತಿಯವರಿಗೆ ಹಿಡಿಸಲಾರದಷ್ಟು ಖುಷಿ. ಬಂದಬಂದವರನ್ನೆಲ್ಲ ಕರೆತಂದು ತೋರಿಸಿದರು. ಮೂಗಿಗಿಂತ ಮೂಗುತಿ ಭಾರವಾಯಿತೆಂದು ಆಗ ಯಾರಿಗೂ ಅನ್ನಿಸಲಿಲ್ಲ.

ಹನ್ನೆರಡನೆಯ ದಿನ ಬೆಳಗಿನ ಪಾಳಿಯಲ್ಲಿ ಇದ್ದವರು ದುರ್ಗಾಪ್ರಸಾದ್. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲದ ಮನುಷ್ಯ. ಏಳೂ ಹತ್ತಕ್ಕೆ ಹದಿನಾಲ್ಕನೇ ಕೋಣೆಯ ಚೌಕ ಕೆಂಪಾಯಿತು. ದುರ್ಗಾಪ್ರಸಾದ್ ಪರದೆ ನೋಡಿದರು, ರಿಜಿಸ್ಟರಿನಲ್ಲಿ 'ಎಲ್ಲ ಸರಿ' ಎಂದು ಗುರುತು ಹಾಕಿದರು. ಏಳೂ ಇಪ್ಪತ್ತಕ್ಕೂ ಹಾಕಿದರು, ಮೂವತ್ತಕ್ಕೂ, ನಲವತ್ತಕ್ಕೂ. ಏಳೂ ಐವತ್ತಕ್ಕೆ ಕಚೇರಿಗೆ ಬಂದ ದಕ್ಷಿಣಾಮೂರ್ತಿ ಕೆಂಪು ಚೌಕ ಕಂಡು ಬಾಗಿಲಲ್ಲೇ ಕಿರುಚಿದರು. ಅಷ್ಟು ಹೊತ್ತಿಗೆ ಕೋಣೆ ಹನ್ನೊಂದು ಡಿಗ್ರಿಗೆ ಹೋಗಿತ್ತು. ನಾನೂರು ಪೆಟ್ಟಿಗೆ ಇನ್ಸುಲಿನ್ ಬೇರೆ ತೆಗೆದಿಟ್ಟರು. ಯಾವ ರೋಗಿಯ ಕೈಗೂ ಅದು ಹೋಗಲಿಲ್ಲ ಎಂಬುದೇ ಪುಣ್ಯ.

ವಿಚಾರಣೆಯಲ್ಲಿ ದುರ್ಗಾಪ್ರಸಾದ್ ತಲೆ ತಗ್ಗಿಸಿ ಒಂದೇ ಮಾತು ಹೇಳಿದರು: ತೂಕಡಿಸಿಬಿಟ್ಟೆ. ಮೆಮೊ ಕೊಟ್ಟರು, ಸಹಿ ಮಾಡಿ ತೆಗೆದುಕೊಂಡರು.

ಶಾರದಾ ಮಾತ್ರ ನಂಬಲಿಲ್ಲ. ರಿಜಿಸ್ಟರ್ ತರಿಸಿ ನೋಡಿದರು. ನಾಲ್ಕೂ ಗುರುತು ಸರಿಯಾದ ಹೊತ್ತಿಗೆ, ಗೆರೆ ತಪ್ಪದೆ, ಮುದ್ದಾದ ಅಕ್ಷರದಲ್ಲಿದ್ದವು. "ತೂಕಡಿಸಾವ್ರು ಹಂಗ ಬರೀತಾರೇನ್ರಿ?" ಎಂದು ಈಗಲೂ ಕೇಳುತ್ತಾರೆ. ಮಾರನೆಯ ದಿನ ಕ್ಯಾಂಟೀನಿನಲ್ಲಿ ಎದುರು ಕೂತು ಅವರನ್ನೇ ನೇರವಾಗಿ ಕೇಳಿದರು.

ದುರ್ಗಾಪ್ರಸಾದ್ ಅವರ ತಾಯಿ ಬಳ್ಳಾರಿಯವರು, ಹಾಗಾಗಿ ಮನೆಯ ಮಟ್ಟಿಗೆ ಕನ್ನಡ ಬರುತ್ತದೆ. ಅಕ್ಕಪಕ್ಕದವರಿಗೆ ತಿಳಿಯಬಾರದೆಂದು ಅಂದು ಕನ್ನಡದಲ್ಲೇ ಹೇಳಿದರಂತೆ. "ನಂಗೆ ಹಸಿರು, ಕೆಂಪು ಎರಡೂ ಒಂದೇ ಥರ ಕಾಣ್ತೈತಮ್ಮ. ಹುಟ್ಟಿದಾಗಿಂದ ಅಷ್ಟೇ. ಅಂಕಿ ಇದ್ದಾಗ ಅಂಕಿ ಓದ್ತಿದ್ದೆ, ಪರ್ವಾಲೇದು, ನಡೀತಿತ್ತು. ನಿದ್ದೆ ಮಾಡ್ದೆ ಅಂದ್ರೆ ಮೆಮೊ ಕೊಡ್ತಾರೆ. ಕಣ್ಣು ಹೀಗೆ ಅಂದ್ರೆ ಕುರ್ಚಿನೇ ತೆಗೀತಾರೆ."

ಆ ಮಾತು ನೆನೆದು ಶಾರದಾ ಹೇಳುತ್ತಾರೆ: "ಪ್ರತಿಯೊಂದು ಟರ್ಮಿನಲ್‌ನ ನಿನಗ ಎಷ್ಟು ಬಣ್ಣ ಬರತಾವು ಅಂತ ಕೇಳಿದಾಕಿ ನಾನು. ಅದರ ಮುಂದ ಕೂತಾವ್ರನ್ನ ಒಂದ್ ಮಾತು ಕೇಳಲಿಲ್ಲ. ಅವ್ರ ಹೆಸರಿನ ಮುಂದ ನಿದ್ದಿ ಅಂತ ಬರದಾರ. ಬರೀಬೇಕಾಗಿದ್ದು ನನ್ನ ಹೆಸರಿನ ಮುಂದ."

ದುರ್ಗಾಪ್ರಸಾದ್ ಅವರ ಒಪ್ಪಿಗೆಯಿಲ್ಲದೆ ಶಾರದಾ ಬಾಯಿಬಿಡುವಂತಿಲ್ಲ, ಬಾಯಿಬಿಟ್ಟರೆ ಅವರ ಕುರ್ಚಿ ಹೋಗುತ್ತದೆ, ಸುಮ್ಮನಿದ್ದರೆ ಪಾಳಿಯಲ್ಲಿ ನಿದ್ದೆ ಮಾಡಿದ ಅಪವಾದ ಉಳಿಯುತ್ತದೆ. ಬಿಸಿ ತುಪ್ಪದ ಕತೆ. ಮೂರು ದಿನ ಯೋಚಿಸಿ ದುರ್ಗಾಪ್ರಸಾದ್ ಹೂಂ ಎಂದರು. ಶಾರದಾ ಒಂದೂವರೆ ಪುಟದ ಪತ್ರ ಬರೆದು ಮ್ಯಾನೇಜರ್ ಮೇಜಿನ ಮೇಲಿಟ್ಟರು. ತಪ್ಪು ಪರದೆಯದು, ಪರದೆ ನನ್ನದು ಎಂಬುದು ಅದರ ಸಾರ.

ದಕ್ಷಿಣಾಮೂರ್ತಿ ಕೆಟ್ಟವರಲ್ಲ, ಅವಸರದವರು. ಪತ್ರ ಓದಿ ಮುಗಿಸುವ ಮೊದಲೇ ತೀರ್ಪು ಕೊಟ್ಟರು: ಬಣ್ಣ ಕಾಣದವರಿಗೆ ಕಂಟ್ರೋಲ್ ರೂಮಿನಲ್ಲಿ ಏನು ಕೆಲಸ, ಲೋಡಿಂಗ್ ಗೇಟಿಗೆ ಹಾಕೋಣ. ಹೆದರಿದ್ದೇ ಆಯಿತು. ಶಾರದಾ ಎದ್ದು ಹೋಗಲಿಲ್ಲ. ಹದಿನೈದು ದಿನ ಕೊಡಿ, ಪರದೆ ಬದಲಾಯಿಸುತ್ತೇನೆ, ಆಮೇಲೆ ಎಲ್ಲರಿಗೂ ಪರೀಕ್ಷೆ ಇಡಿ, ದುರ್ಗಾಪ್ರಸಾದ್ ಹಿಂದೆ ಬಿದ್ದರೆ ಗೇಟಿಗೆ ಹಾಕಿ, ಅವರ ಜೊತೆ ನನ್ನನ್ನೂ ಹಾಕಿ ಎಂದರು. ಕೊನೆಯ ಮಾತನ್ನು ಧನಂಜಯ ಅವರಿಗೆ ಮನೆಯಲ್ಲಿ ಹೇಳಲೇ ಇಲ್ಲವಂತೆ.

ಹದಿನೈದು ದಿನವೂ ಬೆಳಿಗ್ಗೆ ಐದಕ್ಕೆ ಬಂದರು. ನಿಯಮ ಒಂದೇ ಇಟ್ಟುಕೊಂಡರು: ಯಾವ ಸುದ್ದಿಯನ್ನೂ ಬಣ್ಣವೊಂದರ ಮೇಲೆ ಬಿಡಬಾರದು. ಅಂಕಿಗಳು ವಾಪಸ್ ಬಂದವು. ಕೆಟ್ಟ ಕೋಣೆ ಪಟ್ಟಿಯಲ್ಲಿ ಎಲ್ಲಿದ್ದರೂ ಎದ್ದು ಮೊದಲ ಸಾಲಿಗೆ ಬಂದು ನಿಲ್ಲುತ್ತದೆ. ಆ ಸಾಲು ಮಾತ್ರ ತಿರುವುಮುರುವಾಗಿ, ಬೆಳಕಿನ ಪಟ್ಟಿಯ ಮೇಲೆ ಕಪ್ಪು ಅಕ್ಷರವಾಗುತ್ತದೆ. ಪಕ್ಕದಲ್ಲಿ ದೊಡ್ಡದಾಗಿ 'ಹಾಟ್' ಅಥವಾ 'ಕೋಲ್ಡ್' ಎಂಬ ಮಾತು, ಮೇಲೊಂದು ಬೀಪ್. ಟರ್ಮಿನಲ್‌ಗೆ ದಪ್ಪ ಅಕ್ಷರ ಬಾರದಿದ್ದರೆ ಅಡಿಗೆರೆ, ಅದೂ ಬಾರದಿದ್ದರೆ ಎರಡೂ ಬದಿಗೆ ಮೂರು ಮೂರು ನಕ್ಷತ್ರ. ಬಣ್ಣವನ್ನು ತೆಗೆಯಲಿಲ್ಲ. "ಕಾಣಾವ್ರಿಗೆ ಇರಲಿ. ಆದ್ರ ಅದು ಉಪ್ಪಿನಕಾಯಿ ಇದ್ದಂಗ. ಅದ ಊಟ ಆಗಬಾರದು."

ಪರೀಕ್ಷೆಯ ದಿನ ಶಾರದಾ ಸ್ಟೋರಿನಿಂದ ಒಂದು ಮುದಿ ಟರ್ಮಿನಲ್ ಹೊರಿಸಿಕೊಂಡು ಬಂದರು. ಜೇನಿನ ಬಣ್ಣ ಬಿಟ್ಟು ಬೇರೇನೂ ತೋರಿಸಲಾರದ ಯಂತ್ರ. ಎಷ್ಟು ಬಣ್ಣ ಎಂದು ಕೇಳಿದರೆ ಟಿಪುಟ್ ಕೊಡುವ ಉತ್ತರ ಮೈನಸ್ ಒಂದು. ಸೊನ್ನೆಯ ಗೌರವವೂ ಇಲ್ಲ. ಮೊದಲು ಅದರ ಮೇಲೆ ತಮ್ಮ ಹಳೆಯ ಚೌಕಗಳನ್ನೇ ಹಾಕಿ, ಇದರಲ್ಲಿ ಒಂದು ಕೋಣೆ ಕೆಟ್ಟಿದೆ, ಯಾವುದು ಹೇಳಿ ಸಾರ್ ಎಂದು ದಕ್ಷಿಣಾಮೂರ್ತಿಯವರನ್ನು ಕೂರಿಸಿದರು. ಮೂವತ್ತೆರಡೂ ಒಂದೇ ಥರ. ಅವರು ಬಗ್ಗಿ ನೋಡಿದರು, ಕನ್ನಡಕ ಒರೆಸಿ ನೋಡಿದರು, ಆರು ಎಂದರು, ಇಲ್ಲ ಇಪ್ಪತ್ತು ಎಂದರು. ಇನ್ನೂ ನಾಲ್ವರು ಕೂತು ಎದ್ದರು. ಯಾರಿಗೂ ಸಿಗಲಿಲ್ಲ.

"ಇದ ಸಾರ್, ದುರ್ಗಾಪ್ರಸಾದ್ ಅವ್ರಿಗೆ ನಾ ಕೊಟ್ಟ ಪರದಿ" ಎಂದು ತೆಲುಗಿನಲ್ಲಿ ಹೇಳಿ ಹೊಸದನ್ನು ಹಾಕಿದರಂತೆ. ಈ ಸಲ ಎಲ್ಲರೂ ಹೇಳಿದರು. ಎಲ್ಲರಿಗಿಂತ ಮೊದಲು ಹೇಳಿದವರು ದುರ್ಗಾಪ್ರಸಾದ್. ಹತ್ತು ಸಲಕ್ಕೆ ಹತ್ತೂ ಸರಿ. ದಕ್ಷಿಣಾಮೂರ್ತಿ ಗೇಟಿಗೆ ಹಾಕಲು ಬರೆದಿಟ್ಟಿದ್ದ ಆದೇಶವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೊರಟರು. ಮೆಮೊ ವಾಪಸ್ ಬರಲು ಮತ್ತೂ ನಾಲ್ಕು ತಿಂಗಳು ಹಿಡಿಯಿತು. ಶಾರದಾ ಪ್ರತಿ ಸೋಮವಾರ ಅವರ ಬಾಗಿಲಿಗೆ ಹೋಗಿ ನೆನಪಿಸುತ್ತಿದ್ದರು. ದುರ್ಗಾಪ್ರಸಾದ್ ಈಗಲೂ ಬೆಳಗಿನ ಪಾಳಿಯಲ್ಲೇ ಇದ್ದಾರೆ. ತಮ್ಮ ಕಣ್ಣಿನ ವಿಷಯ ಬರೆಯಲು ಅಡ್ಡಿಯಿಲ್ಲ, ಮುಚ್ಚಿಟ್ಟು ಸಾಕಾಯಿತು ಎಂದು ಅವರೇ ಹೇಳಿದ್ದಾರೆ.

ಕತೆ ಇಲ್ಲಿಗೇ ಮುಗಿಯಬಹುದಿತ್ತು. ಕಳೆದ ವಾರ ಶಾರದಾ ಬೆಳಗಿನ ರೈಲು ಹಿಡಿದು ವಿಜಯವಾಡಕ್ಕೆ ಹೊರಟದ್ದು ಅಲ್ಲಿನ ಶಾಖೆಗೂ ಈ ಪರದೆ ಹಾಕಲು. ಬೆಂಜ್ ಸರ್ಕಲ್ ಹತ್ತಿರದ ಆ ಕಂಟ್ರೋಲ್ ರೂಮಿನಲ್ಲಿ ಒಂಬತ್ತು ಜನ. ಅವರೆಲ್ಲ ಇನ್ನೂ ಆಗ ಇಲ್ಲಿಂದ ಹೋದ ಕೆಂಪು ಹಸಿರಿನ ಚೌಕಗಳನ್ನೇ ನೋಡುತ್ತಿದ್ದರು.

ಅಲ್ಲಿ ಹೋಗಿ ಶಾರದಾ ಕೂಡಲೇ ಹೊಸ ಪರದೆ ಹಾಕಲಿಲ್ಲ. ಮೊದಲು ಒಂಬತ್ತು ಜನರನ್ನೂ ಒಬ್ಬೊಬ್ಬರಾಗಿ ಒಳಗೆ ಕಳಿಸಿ ಬಾಗಿಲು ಎಳೆದುಕೊಂಡರು. ಹಳೆಯ ಪರದೆಯಲ್ಲಿ ಹತ್ತು ಸಲ ಒಂದೊಂದು ಚೌಕ ಕೆಂಪಾಗುತ್ತದೆ, ಪ್ರತಿ ಸಲ ಅದು ಯಾವ ಕೋಣೆಯದೆಂದು ಚೀಟಿಯಲ್ಲಿ ಬರೆದು, ಹೆಸರು ಹಾಕದೆ, ಮಡಿಸಿ ಖಾಲಿ ಸ್ವೀಟ್ ಡಬ್ಬಿಗೆ ಹಾಕಬೇಕು. ತಾವು ಹೊರಗೆ ಮೆಟ್ಟಿಲ ಮೇಲೆ ಕೂತರು. ಡಬ್ಬಿ ಬಿಚ್ಚಿದಾಗ ಏಳು ಚೀಟಿ ಸರಿ, ಎರಡು ತಪ್ಪು.

ಶಾಖೆಯ ಮ್ಯಾನೇಜರ್ ರಾಜ್ಯಲಕ್ಷ್ಮಿ ಪೆನ್ನು ತೆಗೆದರು. ಕಣ್ಣಿನ ತೊಂದರೆಯಿರುವವರ ಪಟ್ಟಿ ಮಾಡಿ ಕಳಿಸಿ ಎಂದು ಮೇಲಿನಿಂದ ಪತ್ರ ಬಂದಿತ್ತು. ಆ ಇಬ್ಬರು ಯಾರು, ಅಕ್ಷರ ನೋಡಿದರೆ ತಿಳಿಯುತ್ತದಲ್ಲ ಎಂದರು.

ಶಾರದಾ ಒಂಬತ್ತು ಚೀಟಿಯನ್ನೂ ಅವರ ಎದುರಿಗೇ ಹರಿದರು. "ಎಷ್ಟು ಮಂದಿ ಅಂತ ನನಗ ಬೇಕಾಗಿತ್ತು ಮೇಡಂ, ಗೊತ್ತಾತು. ಯಾರು ಅಂತ ನಿಮಗ ಯಾಕ ಬೇಕು? ಸಂಜೀ ಮಟ ತಡೀರಿ. ಒಂಬತ್ತೂ ಮಂದಿ ಓದ್ತಾರ. ಓದಲಿಲ್ಲಂದ್ರ ಪಟ್ಟಿಯೊಳಗ ನನ್ನ ಹೆಸರು ಬರೀರಿ." ಹೇಳಿದ್ದು ತೆಲುಗಿನಲ್ಲಿ, ಆಮೇಲೆ ಅದನ್ನೇ ಕನ್ನಡದಲ್ಲಿ ಒಪ್ಪಿಸಿದರು. ರಾಜ್ಯಲಕ್ಷ್ಮಿ ಪೆನ್ನಿಗೆ ಮುಚ್ಚಳ ಹಾಕಿದರು.

ನಿಮಗೇನಾದರೂ ಆಸೆ ಇದೆಯೇ ಎಂದರೆ ಶಾರದಾ ಒಂದನ್ನೇ ಹೇಳುತ್ತಾರೆ. ಪರದೆ ಮಾಡುವವರೆಲ್ಲ ಒಂದು ದಿನ ಆ ಪಾಳಿಯ ಕುರ್ಚಿಯಲ್ಲಿ ಕೂತು ನೋಡಬೇಕು, ಅಷ್ಟಾದರೆ ಸಾಕಂತೆ.

ವಿಜಯವಾಡದಲ್ಲಿ ಅಂದು ಸಂಜೆ ನಾಲ್ಕೂ ಇಪ್ಪತ್ತು. ಹೊಸ ಪರದೆ ಏರಿದೆ. ಪರೀಕ್ಷೆಗೆಂದು ಯಾರೋ ಹೋಗಿ ಒಂದು ಖಾಲಿ ಕೋಣೆಯ ಬಾಗಿಲು ತೆರೆದಿಟ್ಟಿದ್ದಾರೆ. ಶಾರದಾ ಒಂಬತ್ತು ಜನರಿಗೂ ಬೆನ್ನು ಮಾಡಿ, ಕೀಬೋರ್ಡಿನ ಮೇಲೆ ಕೈಯಿಟ್ಟು ನಿಂತಿದ್ದಾರೆ. ಬೀಪ್ ಆಗುತ್ತದೆ. ಒಂದು ಸಾಲು ಮೇಲೆದ್ದು ಬಂದು ಬೆಳಗುತ್ತದೆ. ಮತ್ತೊಬ್ಬರು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ "ಇರವೈ ಒಕಟಿ" ಎಂಬ ದನಿ ಬರುತ್ತದೆ. ಇಪ್ಪತ್ತೊಂದು. ಸರಿ ಉತ್ತರ. ಹೇಳಿದವರ ದನಿ ಬೇಕಾದ್ದಕ್ಕಿಂತ ದೊಡ್ಡದು, ಇಷ್ಟು ದಿನ ಅಂದಾಜಿನ ಮೇಲೆ ಕೆಲಸ ಮಾಡಿದವರ ದನಿ ಅದು.

ರಾಜ್ಯಲಕ್ಷ್ಮಿಯವರ ತಲೆ ಅತ್ತ ಹೊರಳುತ್ತದೆ. ಶಾರದಾ ಅಲ್ಲಾಡುವುದಿಲ್ಲ. ಪರದೆಯನ್ನೇ ನೋಡುತ್ತಾ, "ಇನ್ನೊಮ್ಮೆ ಮಾಡೋಣ" ಎಂದು ತೆಲುಗಿನಲ್ಲಿ ಹೇಳಿ ಮುಂದಿನ ಕಮಾಂಡ್ ಕೊಡುತ್ತಾರೆ.

ತಿರುಗಿ ಯಾಕೆ ನೋಡಲಿಲ್ಲ ಎಂದು ರಾತ್ರಿಯ ರೈಲಿಗೆ ಹೊರಡುವಾಗ ಕೇಳಿದರೆ, ಬ್ಯಾಗಿನ ಜಿಪ್ ಎಳೆಯುತ್ತಾ ಹೇಳುತ್ತಾರೆ: "ನೋಡಿದ್ರ ಯಾರು ಅಂತ ಗೊತ್ತಾಗಿಬಿಡತಿತ್ತಲ್ರಿ."